ಆರ್‌ಸಿಬಿ ಸೋತ್ರೆ ಗೊತ್ತಾಗುತ್ತೆ, ಇವರು ಸೋಲೋದೂ ಇಲ್ಲ: ಒಂದು ಆಪ್ತಸಲಹೆ ಪ್ರಕರಣ

ನೆಚ್ಚಿನ ಬ್ಯಾಂಡಿನ ಹೊಸ ಆಲ್ಬಂಗೆ ಕಾದು ಕಾದು ನಿದ್ದೆಗೆಟ್ಟ ಒಬ್ಬರ ಕೇಸ್ ಬಗ್ಗೆ ಬರೀತಿರೋದು ಯಾಕಂದ್ರೆ ಇದೇ ಸಮಸ್ಯೆ ಬೇರೆ ಬೇರೆ ವೇಷ ಹಾಕ್ಕೊಂಡು ನನ್ನ ಹತ್ರ ಬರ್ತಾನೇ ಇದೆ. ಒಬ್ರಿಗೆ ನೆಚ್ಚಿನ ಹೀರೋದ ಮುಂದಿನ ಸಿನಿಮಾ ಅನೌನ್ಸ್ ಆಗ್ತಿಲ್ಲ, ಇನ್ನೊಬ್ಬ ಹುಡುಗನಿಗೆ ಒಂದು ವಿಡಿಯೋ ಗೇಮ್ ಮುಂದಕ್ಕೆ ಹೋಗ್ತಾನೇ ಇದೆ, ಮತ್ತೊಬ್ಬಳಿಗೆ ಕಾದಂಬರಿ ಸರಣಿಯ ಕೊನೇ ಭಾಗ ಬಂದಿಲ್ಲ. ಮನೆಯವರು ಕರ್ಕೊಂಡು ಬಂದು "ಇದೂ ಒಂದು ಪ್ರಾಬ್ಲಮ್ಮಾ ಮೇಡಂ, ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ" ಅಂತಾರೆ. ನಾನು ಬುದ್ಧಿ ಹೇಳಲ್ಲ. ಹೇಳಿದ್ರೆ ಅವರು ಮುಂದಿನ ವಾರ ಬರಲ್ಲ, ಅಷ್ಟೇ ಆಗೋದು.

ಇವರನ್ನ ಶಶಿ ಅಂತ ಕರೆಯೋಣ. ಹೆಸರು, ಕೆಲಸ, ಏರಿಯಾ ಎಲ್ಲ ಬದಲಾಯಿಸಿದೀನಿ, ಬರೆಯೋಕೆ ಅವರ ಒಪ್ಪಿಗೆನೂ ಇದೆ. ವಯಸ್ಸು ನಲವತ್ತೈದು ದಾಟಿದೆ, ಪೀಣ್ಯದಲ್ಲಿ ಕೆಲಸ, ಹೆಂಡತಿ, ಪಿಯುಸಿ ಮುಗಿಸಿದ ಮಗಳು. ತೊಂಬತ್ತರ ದಶಕದಲ್ಲಿ ಕಾಲೇಜಿಗೆ ಹೋಗ್ತಿದ್ದಾಗ ಯಾರೋ ಫ್ರೆಂಡ್ ರೆಕಾರ್ಡ್ ಮಾಡಿ ಕೊಟ್ಟ ಕ್ಯಾಸೆಟ್‌ನಿಂದ ಗನ್ಸ್ ಎನ್ ರೋಸಸ್ ಅನ್ನೋ ಅಮೆರಿಕದ ರಾಕ್ ಬ್ಯಾಂಡಿನ ಹುಚ್ಚು ಹಿಡಿದಿದ್ದು, ಆಮೇಲೆ ಬ್ರಿಗೇಡ್ ರೋಡ್, ರೆಸ್ಟ್ ಹೌಸ್ ರೋಡ್‌ನ ಪೆಕೋಸ್ ಪಬ್, ಅರಮನೆ ಮೈದಾನದ ಕಾನ್ಸರ್ಟ್‌ಗಳು, ಆ ಕಾಲದ ಬೆಂಗಳೂರಿನ ರಾಕ್ ಹುಡುಗರ ಮಾಮೂಲಿ ದಾರಿ. ಅವರು ಬಂದಿದ್ದು 2024ರ ಮೇ ತಿಂಗಳಲ್ಲಿ, ಹೆಂಡತಿ ಬಲವಂತಕ್ಕೆ.

ಹೆಂಡತಿಯ ದೂರು ಸ್ಪಷ್ಟವಾಗಿತ್ತು. ರಾತ್ರಿ ಒಂದೂವರೆವರೆಗೂ ಫೋನ್ ಹಿಡ್ಕೊಂಡು ಆ ಬ್ಯಾಂಡಿನ ಹೊಸ ಆಲ್ಬಂ ಬಗ್ಗೆ ಏನಾದ್ರೂ ಸುದ್ದಿ ಇದ್ಯಾ ಅಂತ ಹುಡುಕ್ತಾರೆ, ಏನೂ ಸಿಗದೇ ಇದ್ರೆ ಬ್ಯಾಂಡಿನವರ ಪೇಜ್‌ಗೆ ಹೋಗಿ ಕೆಟ್ಟದಾಗಿ ಬೈದು ಬರ್ತಾರೆ, ಬೆಳಗ್ಗೆ ಎದ್ದು ಯಾರ ಜೊತೆನೂ ಸರಿಯಾಗಿ ಮಾತಾಡಲ್ಲ. "ಮಗಳ ಪಿಯುಸಿ ರಿಸಲ್ಟ್ ದಿನಾನೂ ಇವರು ಇಷ್ಟು ರಿಫ್ರೆಶ್ ಹೊಡೀಲಿಲ್ಲ ಮೇಡಂ" ಅಂದ್ರು. ಪಕ್ಕದಲ್ಲಿ ಕೂತಿದ್ದ ಶಶಿ ನೆಲ ನೋಡ್ತಿದ್ರು.

ಮೊದಲು ಮಾಡಬೇಕಾದ ವಿಚಾರಣೆ ಎಲ್ಲ ಮಾಡ್ದೆ. ಕುಡಿತ ಹೆಚ್ಚಾಗಿದ್ಯಾ, ಕೆಲಸದಲ್ಲಿ ತೊಂದರೆ ಇದ್ಯಾ, ಬದುಕೇ ಬೇಜಾರು ಅನ್ನೋ ತರದ ಯೋಚನೆ ಬರುತ್ತಾ, ಯಾವುದೂ ಇಲ್ಲ. ಫೋನಿನ ಚಟವೇ ಆಗಿದ್ರೆ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್‌ಗೆ ಬರೆದು ಕೊಡ್ತಿದ್ದೆ, 2014ರಿಂದ ಅವರು ಇದಕ್ಕೇ ಅಂತ ಇದಾರೆ. ಆದ್ರೆ ಶಶಿಗೆ ಬೇರೆ ಯಾವುದಕ್ಕೂ ಫೋನ್ ಬೇಕಿಲ್ಲ, ರೀಲ್ಸ್ ನೋಡಲ್ಲ, ಗೇಮ್ ಆಡಲ್ಲ, ಇದೊಂದೇ.

ಒಬ್ಬರೇ ಬಂದ ದಿನ ಶುರುವಿನಲ್ಲೇ ಒಂದು ಮಾತು ಹೇಳಿದ್ರು. "ಮೇಡಂ, ಮೊದ್ಲೇ ಹೇಳ್ಬಿಡ್ತೀನಿ, ಇದು ನಿಜವಾಗ್ಲೂ ಆಲ್ಬಂ ಬಗ್ಗೆ ಅಲ್ಲ, ನಿಮ್ಮ ವಯಸ್ಸಿನ ಬಗ್ಗೆ, ನಿಮ್ಮಪ್ಪನ ಬಗ್ಗೆ ಅಂತೆಲ್ಲ ಹೇಳ್ಬೇಡಿ. ಆಲ್ಬಂ ಬಗ್ಗೇನೇ." ನಂಗೆ ನಗು ಬಂತು, ಯಾಕಂದ್ರೆ ನಮ್ಮ ಕಸುಬಿನವರು ಹೇಳೋದು ಅದನ್ನೇ. ಸರಿ, ಹಾಗಾದ್ರೆ ಆಲ್ಬಂ ಬಗ್ಗೇನೇ ಹೇಳಿ ಅಂದೆ.

ಹೇಳಿದ್ರು ನೋಡಿ. 1991ರ ಸೆಪ್ಟೆಂಬರ್‌ನಲ್ಲಿ ಒಂದೇ ದಿನ ಎರಡು 'ಯೂಸ್ ಯುವರ್ ಇಲ್ಯೂಷನ್' ಆಲ್ಬಂ ಬಂದಿದ್ದು, 1993ರಲ್ಲಿ ಬೇರೆಯವರ ಹಾಡು ಹಾಡಿದ ಒಂದು ಆಲ್ಬಂ, ಆಮೇಲೆ ಬ್ಯಾಂಡ್ ಒಡೆದು ಗಿಟಾರಿಸ್ಟ್ ಸ್ಲ್ಯಾಶ್ ಹೋಗಿದ್ದು, ಬಾಸ್ ಗಿಟಾರ್ ನುಡಿಸ್ತಿದ್ದ ಡಫ್ ಹೋಗಿದ್ದು, ಗಾಯಕ ಆಕ್ಸಲ್ ರೋಸ್ ಒಬ್ಬನೇ ಹೊಸಬರನ್ನ ಕಟ್ಕೊಂಡು ವರ್ಷಗಟ್ಟಲೆ ಸ್ಟುಡಿಯೋದಲ್ಲಿ ಕೂತು ಒಂದು ಕೋಟಿ ಮೂವತ್ತು ಲಕ್ಷ ಡಾಲರ್ ಖರ್ಚಾಯ್ತು ಅಂತ ಪೇಪರ್‌ನಲ್ಲಿ ಬಂದಿದ್ದು, ಕೊನೆಗೂ 2008ರ ನವೆಂಬರ್ 23ಕ್ಕೆ 'ಚೈನೀಸ್ ಡೆಮಾಕ್ರಸಿ' ಹೊರಗೆ ಬಂದಿದ್ದು. ಅದಕ್ಕೆ ಕಾದಿದ್ದೂ ಕಾಯೋದೇ ಆಗಿತ್ತು, ಬಂದಾಗ ಅದು ಇವರು ಕಾದಿದ್ದ ಆಲ್ಬಂ ಆಗಿರ್ಲಿಲ್ಲ, ಯಾಕಂದ್ರೆ ಸ್ಲ್ಯಾಶ್ ಇಲ್ಲ. 2012ರ ಡಿಸೆಂಬರ್‌ನಲ್ಲಿ ಬ್ಯಾಂಡ್ ಬೆಂಗಳೂರಿಗೇ ಬಂತು, ಇವರೂ ಹೋಗಿದ್ರು, ಆಗ್ಲೂ ಸ್ಲ್ಯಾಶ್ ಇಲ್ಲ. 2016ರಲ್ಲಿ ಸ್ಲ್ಯಾಶ್ ಮತ್ತೆ ಡಫ್ ವಾಪಸ್ ಬಂದ್ರು. ಇನ್ನೇನು, ಒಂದೆರಡು ವರ್ಷದಲ್ಲಿ ಆಲ್ಬಂ ಗ್ಯಾರಂಟಿ ಅಂತ ಜಗತ್ತಿನ ಫ್ಯಾನ್‌ಗಳೆಲ್ಲ ಕೂತ್ರು. ಬಂದಿದ್ದು 2021ರಲ್ಲಿ ಎರಡು ಹಾಡು, 2023ರಲ್ಲಿ ಎರಡು ಹಾಡು, ಅವೂ ಹಳೇ ಕಾಲದ ಸ್ಟುಡಿಯೋ ಸರಕನ್ನೇ ತಿದ್ದಿ ತೀಡಿದ್ದು ಅಂತ ಶಶಿಯ ಸಿಟ್ಟು.

ಯಾಕೆ ಮಾಡ್ತಿಲ್ಲ ಅನ್ನೋದೂ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬ್ಯಾಂಡ್ ಮತ್ತೆ ಒಂದಾದ ಮೇಲೆ ಮಾಡಿದ ಟೂರ್ ಒಂದರಿಂದಲೇ 58 ಕೋಟಿ ಡಾಲರ್‌ಗೂ ಮೇಲೆ ಟಿಕೆಟ್ ಮಾರಾಟ ಆಗಿದೆ, ಜನ ಬರೋದು ಹಳೇ ಹಾಡಿಗೆ, ಈಗಿನ ಕಾಲದಲ್ಲಿ ಆಲ್ಬಂನಿಂದ ದುಡ್ಡು ಹುಟ್ಟಲ್ಲ, ಹೊಸದು ಮಾಡಿ ಚೆನ್ನಾಗಿಲ್ಲ ಅನ್ನಿಸ್ಕೊಳ್ಳೋ ರಿಸ್ಕ್ ಯಾಕೆ. ಇಷ್ಟೆಲ್ಲ ಅರ್ಥ ಮಾಡ್ಕೊಂಡಿರೋ ಮನುಷ್ಯನಿಗೆ ನಾನು ಕೂತು "ಅವರಿಗೂ ಅವರದ್ದೇ ಕಾರಣ ಇರುತ್ತೆ" ಅಂತ ಹೇಳಿ ಏನು ಪ್ರಯೋಜನ?

ಒಂದು ಎಕ್ಸೆಲ್ ಶೀಟೂ ಇಟ್ಟಿದ್ರು. 2016ರಿಂದ ಬ್ಯಾಂಡಿನವರು ಯಾವ ಇಂಟರ್‌ವ್ಯೂನಲ್ಲಿ ಏನು ಹೇಳಿದ್ರು ಅನ್ನೋದೆಲ್ಲ ಅದರಲ್ಲಿದೆ. ನಾನು ಹೇಳ್ದೆ, ಇದರಲ್ಲಿ ತಾರೀಕು ಕೊಟ್ಟು ಇಂಥ ದಿನ ಆಲ್ಬಂ ಬರುತ್ತೆ ಅಂತ ಹೇಳಿರೋ ಸಾಲಿಗೆಲ್ಲ ಹಳದಿ ಬಣ್ಣ ಹಾಕಿ. ಲ್ಯಾಪ್‌ಟಾಪ್ ಮುಂದೆ ತುಂಬ ಹೊತ್ತು ಕೂತ್ರು. ಒಂದಕ್ಕೂ ಬಣ್ಣ ಬೀಳಲಿಲ್ಲ. "ಕೆಲಸ ನಡೀತಿದೆ", "ಮಾಡೋ ಮನಸ್ಸಿದೆ", ಇಂಥವೇ ಎಲ್ಲ. "ಆದ್ರೆ ಮಾತು ಕೊಟ್ಟಂಗೇ ಅಲ್ವಾ ಮೇಡಂ" ಅಂದ್ರು. ಯಾರಿಗೆ ಕೊಟ್ಟಿದ್ದು ಅಂತ ಕೇಳ್ದೆ. ಉತ್ತರ ಇರ್ಲಿಲ್ಲ. ಟಿವಿ, ರೇಡಿಯೋದಲ್ಲಿ ಕಾಣೋರು ನಮ್ಮ ಜೊತೇನೇ ಮಾತಾಡ್ತಿದಾರೆ ಅನ್ನೋ ಈ ಭಾವನೆ ಬಗ್ಗೆ ಹಾರ್ಟನ್ ಮತ್ತು ವೋಲ್ ಅನ್ನೋ ಇಬ್ಬರು 1956ರಲ್ಲೇ ಬರೆದಿದಾರೆ, ಹಾಗಾಗಿ ಇದು ಫೋನ್ ಬಂದ ಮೇಲೆ ಹುಟ್ಟಿದ ಕಾಯಿಲೆ ಅಂತ ಯಾರೂ ತಿಳ್ಕೋಬೇಡಿ. ನಮ್ಮಲ್ಲಿ ಅಣ್ಣಾವ್ರು ನಮ್ಮ ಮನೆಯವರೇ ಅಂತ ಬದುಕಿದವರು ಎಷ್ಟು ಜನ.

ಇಲ್ಲಿಂದ ಮಾತು ತಿರುಗಿದ್ದು ಪೂರ್ತಿ ಆಕಸ್ಮಿಕ. ಆ ವಾರವೇ ಆರ್‌ಸಿಬಿ ಎಲಿಮಿನೇಟರ್‌ನಲ್ಲಿ ರಾಜಸ್ಥಾನದ ಎದುರು ಸೋತಿತ್ತು, ಊರೆಲ್ಲ ಸಪ್ಪೆ ಮುಖ. ಸುಮ್ನೆ ಮಾತಿಗೆ ಅಂತ ಕೇಳ್ದೆ, ನೀವು ಆರ್‌ಸಿಬಿ ನೋಡ್ತೀರಾ? ನೋಡ್ತಾರಂತೆ, 2008ರಿಂದ ಒಂದು ಸೀಸನ್ನೂ ಬಿಟ್ಟಿಲ್ಲ. ಹಾಗಾದ್ರೆ ಅವರ ಪೇಜ್‌ಗೆ ಹೋಗಿ ಬೈದಿದ್ದೀರಾ ಅಂದೆ. "ಛೇ, ಇಲ್ಲ." ಯಾಕಿಲ್ಲ? ಅವರೂ ಕಾಯಿಸ್ತಿದಾರಲ್ಲ, ಹದಿನೇಳು ಸೀಸನ್ ಆಯ್ತು.

ಶಶಿ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಹೇಳಿದ್ದನ್ನ ಹಾಗೇ ಬರೀತೀನಿ. "ಮೇಡಂ, ಎರಡೂ 2008ನೇ, ಆ ಆಲ್ಬಂ ಬಂದ ವರ್ಷ, ಐಪಿಎಲ್ ಶುರುವಾದ ವರ್ಷ. 2016ರಲ್ಲಿ ಸ್ಲ್ಯಾಶ್ ವಾಪಸ್ ಬಂದ, ಅದೇ ವರ್ಷ ಚಿನ್ನಸ್ವಾಮಿಯಲ್ಲೇ ಫೈನಲ್, ಎರಡೂ ಆಗೋಗುತ್ತೆ ಅನ್ಕೊಂಡಿದ್ದೆ. ಎಂಟು ರನ್ನಿಂದ ಸೋತ್ವಿ. ಅವತ್ತು ರಾತ್ರಿ ಊಟ ಮಾಡ್ಲಿಲ್ಲ ನಾನು, ಆದ್ರೆ ಮಾರನೇ ದಿನ ಎದ್ದು ಕೆಲಸಕ್ಕೆ ಹೋದೆ. ಯಾಕಂದ್ರೆ ಮುಗೀತಲ್ಲ. ಆರ್‌ಸಿಬಿ ಸೋತ್ರೆ ಸೋತಿದ್ದು ಗೊತ್ತಾಗುತ್ತೆ. ಇವರು ಸೋಲೋದೂ ಇಲ್ಲ ಮೇಡಂ. ಈ ವರ್ಷ ಬರಲ್ಲ ಅಂತ ಯಾರಾದ್ರೂ ಹೇಳಿದ್ರೆ ನಾನು ಆರಾಮಾಗಿ ಮಲಗ್ತಿದ್ದೆ."

ನನ್ನ ಮಟ್ಟಿಗೆ ಇಡೀ ಕೇಸ್ ಈ ಮಾತಲ್ಲಿದೆ. ಶಶಿಗೆ ಕಷ್ಟ ಆಗ್ತಿದ್ದಿದ್ದು ಕಾಯೋದಲ್ಲ, ಕಾಯೋದಕ್ಕೆ ಅವರಿಗೆ ಎಷ್ಟು ಬೇಕಾದ್ರೂ ತಾಳ್ಮೆ ಇದೆ, ಮೂವತ್ತು ವರ್ಷ ಕಾದಿದಾರೆ. ದುಃಖ ಪಡೋಕೆ ಒಂದು ದಿನ ಇಲ್ಲ ಅನ್ನೋದೇ ಕಷ್ಟ. ಯಾವತ್ತು ಬೇಕಾದ್ರೂ ಬರಬಹುದು ಅಂದ್ರೆ ಯಾವತ್ತೂ ಬಿಡುವಿಲ್ಲ. ಅದರ ಮೇಲೆ ಎರಡು ವರ್ಷಕ್ಕೊಮ್ಮೆ ಎರಡು ಹಾಡು ಬೇರೆ. ಸ್ಕಿನ್ನರ್ ಅನ್ನೋ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ, ಕುಕ್ಕಿದಾಗೆಲ್ಲ ಕಾಳು ಬೀಳ್ತಿದ್ದು ನಿಂತ್ರೆ ಹಕ್ಕಿ ಬೇಗ ಸುಮ್ಮನಾಗುತ್ತೆ, ಯಾವಾಗ್ಲೋ ಒಂದ್ಸಲ ಬೀಳುತ್ತೆ ಅಂದ್ರೆ ಕುಕ್ತಾನೇ ಇರುತ್ತೆ. ಬ್ಯಾಂಡ್ ಏನೂ ಬಿಡದೇ ಇದ್ದಿದ್ರೆ ಶಶಿ ಯಾವಾಗ್ಲೋ ಬಿಟ್ಟಿರ್ತಿದ್ರು.

ಹಾಗಾಗಿ ನಾನು ಕೊಟ್ಟ ಸಲಹೆ, ನೀವೇ ಒಂದು ಸೀಸನ್ ಮಾಡ್ಕೊಳ್ಳಿ. ವರ್ಷಕ್ಕೆ ಒಂದು ದಿನ ಗೊತ್ತು ಮಾಡಿ, ಅವತ್ತಿನೊಳಗೆ ಆಲ್ಬಂ ಬರ್ಲಿಲ್ಲ ಅಂದ್ರೆ ಈ ವರ್ಷ ಸೋತ್ವಿ ಅಂತ ಬಾಯಿಬಿಟ್ಟು ಹೇಳಿ, ಫ್ರೆಂಡ್ಸ್ ಕರೀರಿ, ಬೈಯೋದಿದ್ರೆ ಅವತ್ತೇ ಬೈರಿ, ಹಳೇ ಹಾಡು ಹಾಕಿ. ಮುಂದಿನ ಸೀಸನ್ ಶುರುವಾಗೋವರೆಗೂ ಸುದ್ದಿ ಹುಡುಕೋದು ನಿಮ್ಮ ಕೆಲಸ ಅಲ್ಲ. ಆಲ್ಬಂ ನಿಜವಾಗ್ಲೂ ಬಂದ್ರೆ ನಿಮಗೆ ಗೊತ್ತಾಗದೇ ಇರುತ್ತಾ? ಮೈಸೂರಲ್ಲಿರೋ ನಿಮ್ಮ ಫ್ರೆಂಡ್ ಫೋನ್ ಮಾಡ್ತಾರೆ, ನಿಮ್ಮ ಮಗಳೇ ಬಂದು ಹೇಳ್ತಾಳೆ. ರಾತ್ರಿ ಪೇಜ್‌ಗೆ ಹೋಗಿ ಬೈಯೋದು ಮಾತ್ರ ಇವತ್ತೇ ನಿಲ್ಲಬೇಕು, ಅದರಲ್ಲಿ ಚೌಕಾಸಿ ಇಲ್ಲ ಅಂದೆ. ಅರವತ್ತು ದಾಟಿದ ಆಕ್ಸಲ್ ಅನ್ನೋ ಒಬ್ಬ ಮನುಷ್ಯನಿಗೆ, ಅವನು ಎಷ್ಟೇ ದೊಡ್ಡ ಸ್ಟಾರ್ ಆಗ್ಲಿ, ಪರಿಚಯ ಇಲ್ದೇ ಇರೋರು ದಿನಾ ರಾತ್ರಿ ಅಸಹ್ಯವಾಗಿ ಬೈಯೋದನ್ನ ಅಭಿಮಾನ ಅಂತ ನಾನು ಒಪ್ಪಲ್ಲ.

ದಿನ ಅವರೇ ಆರಿಸಿದ್ರು, ನವೆಂಬರ್ 23. ಆರಿಸ್ತಾ ಒಂದು ಕಥೇನೂ ಹೇಳಿದ್ರು. 2008ರಲ್ಲಿ ಡಾಕ್ಟರ್ ಪೆಪ್ಪರ್ ಅನ್ನೋ ಕೂಲ್ ಡ್ರಿಂಕ್ ಕಂಪನಿ, ಈ ವರ್ಷದೊಳಗೆ ಆಲ್ಬಂ ಬಂದ್ರೆ ಅಮೆರಿಕದಲ್ಲಿರೋ ಹೆಚ್ಚು ಕಮ್ಮಿ ಎಲ್ರಿಗೂ ಒಂದೊಂದು ಕ್ಯಾನ್ ಫ್ರೀ ಅಂತ ಘೋಷಿಸಿತ್ತಂತೆ, ಬರಲ್ಲ ಅನ್ನೋ ಧೈರ್ಯದ ಮೇಲೆ. ಬಂದೇಬಿಡ್ತು. "ಯಾರಾದ್ರೂ ಗಡುವು ಇಟ್ರೇನೇ ಬರೋದು ಮೇಡಂ" ಅಂತ ನಕ್ರು. ಅವರು ನನ್ನ ರೂಮಲ್ಲಿ ನಕ್ಕಿದ್ದು ಅದೇ ಮೊದಲು.

ಇದನ್ನ ನಮ್ಮ ಕಸುಬಿನವರ ಜೊತೆ ಹಂಚ್ಕೊಂಡಾಗ ಒಬ್ಬರು, "ಮೇಲ್ಮೇಲೆ ತೇಲಿಸಿಬಿಟ್ರಿ, ಅಪ್ಪನ ಬಗ್ಗೆ ಕೇಳಬೇಕಿತ್ತು" ಅಂದ್ರು. ಕೇಳಿದ್ದೆ ಸ್ವಾಮಿ. ಅಪ್ಪ ತುಮಕೂರು ಕಡೆ ತೆಂಗಿನ ತೋಟ ನೋಡ್ಕೊಂಡು ಗಟ್ಟಿಮುಟ್ಟಾಗಿದಾರೆ, ದಿನಾ ಸಂಜೆ ಮಗನಿಗೆ ಫೋನ್ ಮಾಡ್ತಾರೆ. ಎಲ್ಲದರ ಕೆಳಗೂ ಬೇರೆ ಏನೋ ಇದ್ದೇ ಇರುತ್ತೆ ಅಂತ ಅಗೆಯೋದು ಕೆಲವು ಸಲ ಬಂದವರಿಗೆ ಮಾಡೋ ಅವಮಾನ. ಮೂವತ್ತು ವರ್ಷ ಒಂದು ಸಂಗೀತವನ್ನ ಪ್ರೀತಿಸಿದೀನಿ ಅಂತ ಒಬ್ಬ ಹೇಳಿದ್ರೆ ಅದನ್ನ ರೋಗದ ಲಕ್ಷಣ ಅಂತ ಬರ್ಕೊಳ್ಳೋಕೆ ನನಗೆ ಮನಸ್ಸು ಬರಲ್ಲ. ಮುಂದೆ ಬೇರೆ ಏನಾದ್ರೂ ಹೊರಗೆ ಬಂದ್ರೆ ಬಾಗಿಲು ತೆಗೆದೇ ಇದೆ, ಅದನ್ನ ಅವರಿಗೂ ಹೇಳಿದೀನಿ.

ಮನೆಯವರಿಗೂ ಒಂದು ಮಾತು. "ಬೇರೆ ಕೆಲಸ ಇಲ್ವಾ ನಿಮಗೆ" ಅನ್ನೋದನ್ನ ದಯವಿಟ್ಟು ನಿಲ್ಲಿಸಿ. ಶಶಿ ಹೆಂಡತಿಗೆ ನಾನು ಹೇಳಿದ್ದು, ಅವರು ಸೋತ ದಿನ ಮಾತ್ರ ಅವರ ಜೊತೆ ಕೂತ್ಕೊಳ್ಳಿ, ಮಿಕ್ಕ ದಿನ ಈ ವಿಷಯ ನಿಮ್ಮದಲ್ಲ. ಹಾಡು ಇಷ್ಟ ಆಗ್ಬೇಕು ಅಂತೇನಿಲ್ಲ.

2024ರ ನವೆಂಬರ್ 23 ಶನಿವಾರ. ಟಿವಿಯಲ್ಲಿ ಚನ್ನಪಟ್ಟಣ ಬೈ ಎಲೆಕ್ಷನ್ ರಿಸಲ್ಟ್ ಓಡ್ತಿತ್ತಂತೆ, ಅದರ ವಾಲ್ಯೂಮ್ ಕಮ್ಮಿ ಮಾಡಿ, ಹಳೇ ಫ್ರೆಂಡ್ಸ್ ಸೇರಿ ಬಿರಿಯಾನಿ ತರ್ಸಿ, 1991ರ ಎರಡೂ ಆಲ್ಬಂ ಮೊದಲಿಂದ ಕೊನೇವರೆಗೂ ಕೇಳಿದ್ರಂತೆ, ಎರಡೂ ಸೇರಿ ಎರಡೂವರೆ ಗಂಟೆ. ಬಂದಿದ್ದವರಲ್ಲಿ ಒಬ್ರು ಟೂಲ್ ಅನ್ನೋ ಬ್ಯಾಂಡಿನ ಫ್ಯಾನ್, ಅವರು 2006ರಿಂದ 2019ರವರೆಗೆ ಹದಿಮೂರು ವರ್ಷ ಕಾದು ಆಲ್ಬಂ ಸಿಕ್ಕಿರೋ ಪುಣ್ಯಾತ್ಮ. ಅವರು ಹೇಳಿದ್ದು, "ಸಿಕ್ಕಿತು ಗುರು, ಚೆನ್ನಾಗಿತ್ತು, ಒಂದು ವಾರ ಆದ್ಮೇಲೆ ನೆಕ್ಸ್ಟ್ ಯಾವಾಗ ಅಂತ ಶುರು ಮಾಡ್ದೆ."

ಬೈಯೋದು ನಿಂತಿದೆ. ರಾತ್ರಿ ಫೋನ್ ಪೂರ್ತಿ ನಿಂತಿಲ್ಲ, ಕಮ್ಮಿಯಾಗಿದೆ, ಇಂಟರ್‌ವ್ಯೂ ಏನಾದ್ರೂ ಬಂದ್ರೆ ಮತ್ತೆ ಎರಡು ಮೂರು ದಿನ ಏರುತ್ತೆ, ಇಳಿಯುತ್ತೆ. ಎಕ್ಸೆಲ್ ಶೀಟ್ ಅಳಿಸಿ ಅಂತ ಹೇಳಿದ್ದಕ್ಕೆ ಒಪ್ಪಲಿಲ್ಲ, ನಾನೂ ಜೋರು ಮಾಡ್ಲಿಲ್ಲ.

2025ರ ಜೂನ್ 3ಕ್ಕೆ ಆರ್‌ಸಿಬಿ ಕೊನೆಗೂ ಗೆದ್ದಾಗ "ನೋಡಿ ಮೇಡಂ, ಕಾದ್ರೆ ಸಿಗುತ್ತೆ" ಅಂತ ಮೆಸೇಜ್ ಕಳ್ಸಿದ್ರು. ಮಾರನೇ ದಿನ ಚಿನ್ನಸ್ವಾಮಿ ಹತ್ರ ಹನ್ನೊಂದು ಜನ ಹೋದ್ರಲ್ಲ, ಆಮೇಲೆ ಅವರೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದ್ರೆ ಸ್ವಲ್ಪ ದಿನ ಬಿಟ್ಟು ಅವರು ಬಂದಾಗ ನಾನೇ ಕೇಳ್ದೆ, ಆಲ್ಬಂ ಅಕಸ್ಮಾತ್ ಬಂದ್ರೆ ಏನು ಮಾಡ್ತೀರಾ? 2008ರಲ್ಲಿ ಬಂದ ದಿನವೇ ಸಿಟ್ಟಿನಲ್ಲಿ ಕೇಳಿ ತೆಗೆದಿಟ್ಟು, ಅದರಲ್ಲೂ ಒಳ್ಳೇ ಹಾಡಿದೆ ಅಂತ ಇವರಿಗೆ ಗೊತ್ತಾಗೋಕೆ ವರ್ಷಗಳೇ ಹಿಡಿದಿತ್ತು. ಅದಕ್ಕೇ ಬಂದ ಮೇಲೆ ಒಂದು ವಾರ ಯಾರ ರಿವ್ಯೂನೂ ಓದ್ಬೇಡಿ, ಎಲ್ಲೂ ಏನೂ ಬರೀಬೇಡಿ, ಬರೀ ಕೇಳಿ ಅಂದೆ.

"ಒಂದು ವಾರ ಜಾಸ್ತಿ ಆಯ್ತು ಮೇಡಂ, ಎರಡು ದಿನ ಮಾಡಿ" ಅಂದ್ರು. ಕೊನೆಗೆ ನಾಲ್ಕು ದಿನಕ್ಕೆ ಒಪ್ಪಂದ ಆಯ್ತು.