ಹಳೆಯ ಗಾಲ್ಫ್ ಡ್ರೈವರ್‌ಗಳಲ್ಲಿ ನಿಮ್ಮ ಸ್ವಿಂಗಿಗೆ ಹೊಂದುವುದು ಯಾವುದು?

ಪ್ರಶ್ನೆ: ನನಗೆ 54 ವರ್ಷ. ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನಲ್ಲಿ ವಾರಕ್ಕೊಮ್ಮೆ ಆಡುತ್ತೇನೆ, ಹ್ಯಾಂಡಿಕ್ಯಾಪ್ 20 (ಅಂದರೆ ಸಾಧಾರಣ ಹವ್ಯಾಸಿಯ ಮಟ್ಟ). ಟೀಯಿಂದ ಹೊಡೆದ ಚೆಂಡು ನೆಲ ಮುಟ್ಟುವ ಮೊದಲು ಸುಮಾರು 195 ಗಜ ಹೋಗುತ್ತದೆ. ಹೆಚ್ಚಿನ ಸಲ ಬಲಕ್ಕೆ ಬಾಗುತ್ತದೆ. ಹೊಸ ಡ್ರೈವರ್ (ಟೀಯಿಂದ ದೂರ ಹೊಡೆಯಲು ಬಳಸುವ ಕ್ಲಬ್) ದುಬಾರಿಯಾದ ಕಾರಣ ಹಳೆಯದನ್ನು ಹುಡುಕುತ್ತಿದ್ದೇನೆ. ಮೂರು ಸಿಕ್ಕಿವೆ: ಟೈಟ್ಲಿಸ್ಟ್ 983ಕೆ (8.5 ಡಿಗ್ರಿ ಲಾಫ್ಟ್, ಸ್ಟಿಫ್ ಶಾಫ್ಟ್ ಅಂದರೆ ಬಿಗಿಯಾದ ಕೋಲು), ಪಿಂಗ್ ಜಿ15 (12 ಡಿಗ್ರಿ, ರೆಗ್ಯುಲರ್), ಟೇಲರ್‌ಮೇಡ್ ಎಸ್‌ಎಲ್‌ಡಿಆರ್ (9.5 ಡಿಗ್ರಿ, ಸ್ಟಿಫ್). ಯಾವುದನ್ನು ಕೊಳ್ಳಲಿ?
– ಓದುಗರು, ಮೈಸೂರು

ಉತ್ತರ: ಹಳೆಯದನ್ನು ಕೊಳ್ಳುವುದರಿಂದ ದೂರ ಬಹಳ ಕಡಿಮೆಯಾದೀತೆಂಬ ಅಂಜಿಕೆ ಬೇಡ. ಚೆಂಡು ಫೇಸ್‌ನಿಂದ, ಅಂದರೆ ಕ್ಲಬ್ ಚೆಂಡಿಗೆ ತಗುಲುವ ಮುಖದಿಂದ, ಎಷ್ಟು ಚಿಮ್ಮಬಹುದು ಎಂಬುದಕ್ಕೆ ನಿಯಮದ ಮಿತಿಯಿದೆ. ಹೆಡ್‌ನ (ಕ್ಲಬ್ಬಿನ ತಲೆಯ) ಗಾತ್ರವೂ 460 ಘನ ಸೆಂಟಿಮೀಟರ್ ಮೀರುವಂತಿಲ್ಲ. ದೊಡ್ಡ ತಯಾರಕರ ಡ್ರೈವರ್‌ಗಳು ಈ ಶತಮಾನದ ಮೊದಲ ದಶಕದಲ್ಲೇ ಈ ಎರಡು ಮಿತಿಗಳ ಅಂಚಿಗೆ ಬಂದು ನಿಂತಿದ್ದವು. ಆದ್ದರಿಂದ ಫೇಸ್‌ನ ನಡುವಿಗೆ ಸರಿಯಾಗಿ ತಗುಲಿದ ಹೊಡೆತದಲ್ಲಿ ಹದಿನೈದು ವರ್ಷದ ಹಿಂದಿನ ಡ್ರೈವರಿಗೂ ಇಂದಿನದಕ್ಕೂ ಇರುವ ಅಂತರ ಜಾಹೀರಾತುಗಳು ಹೇಳುವಷ್ಟಿಲ್ಲ. ನಿಜವಾದ ಅಂತರ ಕಾಣುವುದು ನಡು ತಪ್ಪಿದ ಹೊಡೆತದಲ್ಲಿ, ಮತ್ತು ಅದಕ್ಕಿಂತ ಹೆಚ್ಚಾಗಿ, ಲಾಫ್ಟ್ (ಫೇಸ್ ಹಿಂದಕ್ಕೆ ವಾಲಿರುವ ಕೋನ) ಹಾಗೂ ಶಾಫ್ಟ್ ಹೊಡೆಯುವವರ ಸ್ವಿಂಗಿಗೆ ಹೊಂದದಿದ್ದಾಗ.

ಮೊದಲು ನಿಮ್ಮ ಸ್ವಿಂಗಿನ ವೇಗವನ್ನು ಅಂದಾಜು ಮಾಡೋಣ. ಚೆಂಡು ಗಾಳಿಯಲ್ಲಿ ಸಾಗುವ ಗಜಗಳನ್ನು 2.3ರಿಂದ ಭಾಗಿಸಿದರೆ ಕ್ಲಬ್‌ಹೆಡ್‌ನ ವೇಗ ಗಂಟೆಗೆ ಎಷ್ಟು ಮೈಲಿ ಎಂಬುದು ಸ್ಥೂಲವಾಗಿ ತಿಳಿಯುತ್ತದೆ. ಆದರೆ ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದ್ದು, ಅಲ್ಲಿನ ತೆಳುವಾದ ಗಾಳಿಯಲ್ಲಿ ಚೆಂಡು ತುಸು ಹೆಚ್ಚೇ ದೂರ ಹೋಗುತ್ತದೆ. ಇದೇ ಹೊಡೆತ ಸಮುದ್ರಮಟ್ಟಕ್ಕೆ ಹತ್ತಿರವಿರುವ ಮಂಗಳೂರಿನ ಪಿಲಿಕುಳ ಗಾಲ್ಫ್ ಮೈದಾನದಲ್ಲಿ ಐದಾರು ಗಜ ಹಿಂದೆಯೇ ಬಿದ್ದೀತು. ಅಷ್ಟನ್ನು ಕಳೆದು ನೋಡಿದರೆ ನಿಮ್ಮ ವೇಗ 80ರಿಂದ 85 ಮೈಲಿಗಳ ನಡುವೆ ಇದೆ ಎನ್ನಬಹುದು. ಇದಕ್ಕಾಗಿ ಸಂಕೋಚಪಡಬೇಕಾಗಿಲ್ಲ. ಬೆಂಗಳೂರಿನ ಅದಿತಿ ಅಶೋಕ್ ಅವರು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ ಟೀಯಿಂದ ಅತಿ ಕಡಿಮೆ ದೂರ ಹೊಡೆಯುತ್ತಿದ್ದವರ ಸಾಲಿನಲ್ಲಿದ್ದರು.

ಈ ವೇಗಕ್ಕೆ ಟೈಟ್ಲಿಸ್ಟಿನ 8.5 ಡಿಗ್ರಿಯ ಲಾಫ್ಟ್ ಖಂಡಿತ ಸಲ್ಲದು. ವೇಗ ಕಡಿಮೆಯಿದ್ದಷ್ಟೂ ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯಲು ಹೆಚ್ಚು ಲಾಫ್ಟ್ ಮತ್ತು ಸಾಕಷ್ಟು ಹಿಮ್ಮುಖ ಸ್ಪಿನ್ ಬೇಕು. ಇವೆರಡೂ ಇಲ್ಲವಾದರೆ ಚೆಂಡು ಏರುವ ಮೊದಲೇ ಇಳಿಯಲು ತೊಡಗುತ್ತದೆ. ಬಲಗೈ ಆಟಗಾರರಾದ ನಿಮ್ಮ ಚೆಂಡು ಬಲಕ್ಕೆ ಬಾಗುವುದಕ್ಕೂ ಲಾಫ್ಟಿಗೂ ನಂಟಿದೆ. ಕ್ಲಬ್ ಸಾಗುವ ದಾರಿಗೆ ಹೋಲಿಸಿದರೆ ಫೇಸ್ ಬಲಕ್ಕೆ ತೆರೆದುಕೊಂಡಿರುವುದೇ ಹೀಗೆ ಬಲಕ್ಕೆ ಬಾಗುವ ಹೊಡೆತದ, ಅಂದರೆ ಸ್ಲೈಸ್‌ನ, ಮೂಲ ಕಾರಣ. ಆದರೆ ಫೇಸ್ ಅಷ್ಟೇ ತೆರೆದಿದ್ದರೂ, ಲಾಫ್ಟ್ ಕಡಿಮೆಯಿದ್ದಾಗ ಚೆಂಡಿನ ಸ್ಪಿನ್ನಿನ ಅಕ್ಷ ಹೆಚ್ಚು ಓರೆಯಾಗಿ ಬಾಗು ಇನ್ನಷ್ಟು ದೊಡ್ಡದಾಗುತ್ತದೆ, ಲಾಫ್ಟ್ ಹೆಚ್ಚಿದ್ದಾಗ ಕಡಿಮೆಯಾಗುತ್ತದೆ. ಡ್ರೈವರಿನಲ್ಲಿ ಸ್ಲೈಸ್ ಹೊಡೆಯುವವರು ಲಾಫ್ಟ್ ಹೆಚ್ಚಿರುವ ಏಳನೆಯ ಐರನ್‌ ಕ್ಲಬ್ಬಿನಲ್ಲಿ ನೇರಕ್ಕೆ ಹೊಡೆಯುವಂತೆ ಕಾಣುವುದು ಬಹುಮಟ್ಟಿಗೆ ಇದರಿಂದಲೇ. ಹನ್ನೆರಡು ಡಿಗ್ರಿಯ ಡ್ರೈವರನ್ನು ಕೆಲವು ಗಂಡಸರು ಮರ್ಯಾದೆಯ ಪ್ರಶ್ನೆಯಾಗಿ ತೆಗೆದುಕೊಳ್ಳುತ್ತಾರೆ. ಅಂಥವರು ಬಿಟ್ಟುಹೋಗುವ ಕಾರಣಕ್ಕೇ ಹಳೆಯ ಮಾರುಕಟ್ಟೆಯಲ್ಲಿ ಅವು ನಿಮ್ಮಂಥವರಿಗೆ ಅಗ್ಗಕ್ಕೆ ಸಿಕ್ಕರೂ ಆಶ್ಚರ್ಯವಿಲ್ಲ.

2013ರ ಎಸ್‌ಎಲ್‌ಡಿಆರ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನೋಟಕ್ಕೆ ಇದು ಮೂರರಲ್ಲಿ ಹೊಸದು, ಮತ್ತು ಅಂಗಡಿಯವರು ಇದನ್ನೇ ಮುಂದಿಡಬಹುದು. ಇದರ ತೂಕದ ಕೇಂದ್ರವನ್ನು ಕೆಳಕ್ಕೆ ಮತ್ತು ಮುಂದಕ್ಕೆ, ಅಂದರೆ ಫೇಸ್‌ನ ಹತ್ತಿರಕ್ಕೆ ತಂದಿದ್ದಾರೆ. ಇದರಿಂದ ಸ್ಪಿನ್ ಬಹಳ ತಗ್ಗುತ್ತದೆ. ವೇಗವಾಗಿ ಹೊಡೆದು, ಅತಿಯಾದ ಸ್ಪಿನ್ನಿನಿಂದ ದೂರ ಕಳೆದುಕೊಳ್ಳುತ್ತಿದ್ದವರಿಗೆ ಇದು ವರವಾಯಿತು. ಆದರೆ ತಯಾರಕರೇ ಆಗ ತಮ್ಮ ಗ್ರಾಹಕರಿಗೆ ಎಂದಿಗಿಂತ ಹೆಚ್ಚು ಲಾಫ್ಟ್ ಆರಿಸಿಕೊಳ್ಳುವಂತೆ ಪ್ರಚಾರ ಮಾಡಿದ್ದರು. ಇದರ ಶಾಫ್ಟ್ ಹೆಡ್‌ಗೆ ಸೇರುವಲ್ಲಿರುವ ತೋಳನ್ನು (ಸ್ಲೀವ್) ತಿರುಗಿಸಿ ಲಾಫ್ಟನ್ನು ಒಂದೂವರೆ ಡಿಗ್ರಿ ಏರಿಸಬಹುದು, ಹಾಗೆ ಏರಿಸಿದಾಗ ಫೇಸ್ ತುಸು ಎಡಕ್ಕೆ ಮುಚ್ಚಿಕೊಳ್ಳುವುದರಿಂದ ನಿಮ್ಮ ಸ್ಲೈಸಿಗೂ ಅನುಕೂಲವೇ. ಆದರೂ 11 ಡಿಗ್ರಿಗೆ ನಿಲ್ಲುವ ಈ ಹೆಡ್ ನಿಮ್ಮ ವೇಗದಲ್ಲಿ ಚೆಂಡನ್ನು ತಗ್ಗಿಸಿಯೇ ಕಳುಹಿಸೀತು. ಜೊತೆಗೆ, ತೂಕ ಮುಂದಿರುವ ಹೆಡ್ ನಡು ತಪ್ಪಿದ ಹೊಡೆತವನ್ನು ಅಷ್ಟಾಗಿ ಮನ್ನಿಸುವುದಿಲ್ಲ.

2009ರಲ್ಲಿ ಬಂದ ಜಿ15 ಇದಕ್ಕೆ ತದ್ವಿರುದ್ಧವಾದ ವಿನ್ಯಾಸ. ಇದರ ತೂಕ ಹಿಂದಕ್ಕೂ ಕೆಳಕ್ಕೂ ಇದೆ. ಚೆಂಡು ಸುಲಭವಾಗಿ ಮೇಲೇಳುತ್ತದೆ, ಹೆಡ್‌ನ ತುದಿಗೋ ಬುಡಕ್ಕೋ ತಗುಲಿದರೂ ಹೆಡ್ ಹೆಚ್ಚು ತಿರುಚಿಕೊಳ್ಳುವುದಿಲ್ಲ. ತೋಳು ತಿರುಗಿಸಿ ಹೊಂದಿಸುವ ಸೌಕರ್ಯ ಇದರಲ್ಲಿಲ್ಲ, ಹಾಗಾಗಿ ಕೊಳ್ಳುವಾಗಲೇ ಲಾಫ್ಟ್ ಸರಿಯಿರಬೇಕು. ನಿಮಗೆ ಸಿಕ್ಕಿರುವುದು ಹನ್ನೆರಡೇ ಆಗಿದೆ. ನನ್ನ ಆಯ್ಕೆ ಇದೇ.

ಶಾಫ್ಟಿನ ಮೇಲೆ ಬರೆದಿರುವ ರೆಗ್ಯುಲರ್, ಸ್ಟಿಫ್ ಎಂಬ ಹೆಸರುಗಳನ್ನು ಪೂರ್ತಿ ನಂಬಬೇಡಿ, ಏಕೆಂದರೆ ಇವಕ್ಕೆ ಎಲ್ಲ ತಯಾರಕರೂ ಒಪ್ಪಿದ ಒಂದೇ ಅಳತೆಯಿಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್‌ನಷ್ಟೇ ಬಿಗಿಯಾಗಿರಬಹುದು. 85 ಮೈಲಿಯ ಆಸುಪಾಸಿನ ಸ್ವಿಂಗಿಗೆ ಹಗುರವಾದ, 50ರಿಂದ 60 ಗ್ರಾಂನ ರೆಗ್ಯುಲರ್ ಶಾಫ್ಟ್ ಸಾಮಾನ್ಯವಾಗಿ ಒಗ್ಗುತ್ತದೆ. ಉದ್ದ 45.5 ಅಂಗುಲವಿದ್ದು ನಡುವಿಗೆ ತಗುಲಿಸುವುದು ಕಷ್ಟವೆನಿಸಿದರೆ ಕತ್ತರಿಸುವ ಮೊದಲು ಗ್ರಿಪ್ಪನ್ನು ಒಂದು ಅಂಗುಲ ಕೆಳಗೆ ಹಿಡಿದು ಆಡಿ ನೋಡಿ. ಎಲ್ಲಿ ತಗುಲುತ್ತಿದೆ ಎಂದು ತಿಳಿಯಲು ಚೆಂಡಿನ ಹಿಂಬದಿಗೆ ವೈಟ್‌ಬೋರ್ಡ್ ಮಾರ್ಕರಿನಿಂದ ಒಂದು ಚುಕ್ಕಿ ಇಟ್ಟು ಹೊಡೆದರೆ ಅದು ಫೇಸ್ ಮೇಲೆ ಅಚ್ಚಾಗುತ್ತದೆ.

ಹಣ ಕೊಡುವ ಮೊದಲು ಫೇಸ್ ಮತ್ತು ಮೇಲ್ಭಾಗ ಸೇರುವ ಅಂಚನ್ನು ಬೆಳಕಿಗೆ ಹಿಡಿದು ಕೂದಲೆಳೆಯಂಥ ಬಿರುಕಿದೆಯೇ ನೋಡಿ. ಬಣ್ಣದ ಗೀರುಗಳಿಂದ ತೊಂದರೆಯಿಲ್ಲ, ಬಿರುಕಿದ್ದರೆ ಬಿಟ್ಟುಬಿಡಿ. ಶಾಫ್ಟ್ ಹೆಡ್‌ಗೆ ಸೇರುವಲ್ಲಿ ಗ್ರಾಫೈಟ್ ಎಳೆ ಬಿಟ್ಟಿರಬಾರದು. ರಬ್ಬರ್ ಗಟ್ಟಿಯಾಗಿ ಜಾರುವಂತಾಗಿದ್ದರೆ ಗ್ರಿಪ್ ಬದಲಾಯಿಸಿದರಾಯಿತು. ಸಾಧ್ಯವಾದರೆ ರೇಂಜಿನಲ್ಲಿ ಹತ್ತಿಪ್ಪತ್ತು ಚೆಂಡು ಹೊಡೆದ ಮೇಲೆಯೇ ಮಾತು ಮುಗಿಸಿ.

ಪ್ರಶ್ನೆ: ನನ್ನ ಸೋದರಮಾವ 2001ರಲ್ಲಿ ವಿದೇಶದಿಂದ ತಂದ ಕಾಲವೇ ಇಆರ್‌ಸಿ 2 ಡ್ರೈವರ್ ಮನೆಯಲ್ಲಿದೆ. ಕ್ಲಬ್ ಸ್ಪರ್ಧೆಯಲ್ಲಿ ಬಳಸಬಹುದೇ?
– ಓದುಗರು, ಬೆಂಗಳೂರು

ಉತ್ತರ: ಬಳಸುವಂತಿಲ್ಲ. ಇದರ ಫೇಸ್ ನಿಯಮ ಒಪ್ಪುವುದಕ್ಕಿಂತ ಹೆಚ್ಚು ಚಿಮ್ಮುತ್ತದೆ. ಅಮೆರಿಕದ ಗಾಲ್ಫ್ ಸಂಸ್ಥೆ ಇದನ್ನು ಮೊದಲಿನಿಂದಲೂ ಒಪ್ಪಿರಲಿಲ್ಲ. ನಿಮ್ಮ ಮಾವನವರು ಕೊಂಡ ಕಾಲಕ್ಕೆ ಭಾರತವೂ ಅನುಸರಿಸುವ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಗಾಲ್ಫ್ ಸಂಸ್ಥೆಯ ನಿಯಮದಡಿ ಅಡ್ಡಿಯಿರಲಿಲ್ಲ. ಆದರೆ 2008ರ ಜನವರಿ 1ರಿಂದ ಮಿತಿ ಎಲ್ಲೆಡೆಯೂ ಒಂದೇ ಆಗಿದೆ. ಈ ಕ್ಲಬ್ ಬ್ಯಾಗಿನಲ್ಲಿದ್ದ ಮಾತ್ರಕ್ಕೆ ಇಂದು ದಂಡವಿಲ್ಲ, ಒಬ್ಬರು ಒಯ್ಯಬಹುದಾದ 14 ಕ್ಲಬ್‌ಗಳ ಲೆಕ್ಕಕ್ಕೆ ಸೇರುತ್ತದೆ ಅಷ್ಟೆ; ಸ್ಪರ್ಧೆಯಲ್ಲಿ ಇದರಿಂದ ಒಂದೇ ಒಂದು ಹೊಡೆತ ಹೊಡೆದರೂ ಅನರ್ಹರಾಗುತ್ತೀರಿ.