ಎಕೋದಲ್ಲಿ ‘ಗ್ರೇಡ್ 1’ ಬಂದಿದೆ, ಅವ್ವನ ಹಾರ್ಟ್ ವೀಕಾಗಿದೆಯಾ?

ಪ್ರಶ್ನೆ: ನಮ್ಮ ಅವ್ವನಿಗೆ 61 ವರ್ಷ. ಎಂಟು ವರ್ಷದಿಂದ ಬಿಪಿ, ನಾಲ್ಕು ವರ್ಷದಿಂದ ಶುಗರ್ ಇದೆ. ಬಿಪಿಗೆ ಅಮ್ಲೋಡಿಪಿನ್, ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಾಳೆ. ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿಯಿಂದ ಗುಳಿಗೆ ತರಿಸಿ ನುಂಗುತ್ತಾಳೆ. ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ, ಸಂಜೆಗೆ ಪಾದ ಬಾಯುತ್ತವೆ. ವಿಜಯಪುರದಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆವು. ‘ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್, ಇಎಫ್ 60%’ ಅಂತ ಬರೆದಿದ್ದಾರೆ. ಹಾರ್ಟ್ ವೀಕಾಗಿದೆ, ಆಂಜಿಯೋಗ್ರಾಮ್ ಮಾಡಿಸಿ ಅಂತ ಮಂದಿ ಹೆದರಿಸುತ್ತಿದ್ದಾರೆ. ಏನು ಮಾಡಬೇಕು?
– ಒಬ್ಬ ಓದುಗರು, ಇಂಡಿ ತಾಲ್ಲೂಕು

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ಇಎಫ್ 60 ಅಂದರೆ ಹೃದಯ ರಕ್ತವನ್ನು ಹೊರಗೆ ತಳ್ಳುವ ಶಕ್ತಿ ಚೆನ್ನಾಗಿದೆ. ತೊಂದರೆ ಇರುವುದು ರಕ್ತ ತುಂಬಿಕೊಳ್ಳುವಾಗ, ಡಯಾಸ್ಟಾಲಿಕ್ ಡಿಸ್‌ಫಂಕ್ಷನ್ ಅಂದರೆ ಇದೇ. ಪ್ರತಿ ಬಡಿತದ ನಂತರ ಹೃದಯದ ಸ್ನಾಯು ಸಡಿಲಾಗಬೇಕು, ಆಗಲೇ ರಕ್ತ ಸಲೀಸಾಗಿ ಒಳಗೆ ಬರುತ್ತದೆ. ನಿಮ್ಮ ಅವ್ವನಿಗೆ ಆ ಸಡಿಲಿಕೆ ನಿಧಾನವಾಗಿದೆ. ಗ್ರೇಡ್ 1 ಅಂದರೆ ಶುರುವಿನ ಹಂತ. ಸುಮ್ನೆ ಕೂತಾಗ ಹೃದಯದೊಳಗಿನ ಒತ್ತಡ ಸಾಮಾನ್ಯವಾಗಿ ಇನ್ನೂ ಏರಿರುವುದಿಲ್ಲ. ಅರವತ್ತು ದಾಟಿದ ಎಷ್ಟೋ ಜನರ ಎಕೋದಲ್ಲಿ ಇದೇ ಸಾಲು ಇರುತ್ತದೆ. ರಕ್ತನಾಳದಲ್ಲಿ ಬ್ಲಾಕ್ ಇದೆ ಅಂತ ಇದರ ಅರ್ಥವಲ್ಲ. ಎದೆನೋವು ಇಲ್ಲದೆ, ಇಸಿಜಿ ಸರಿಯಿದ್ದರೆ, ಈ ಒಂದು ಸಾಲಿಗಾಗಿ ಆಂಜಿಯೋಗ್ರಾಮ್ ಮಾಡಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಕಾರಣಗಳಲ್ಲಿ ದೊಡ್ಡದು ಬಿಪಿ. ವರ್ಷಗಟ್ಟಲೆ ಹೆಚ್ಚಿನ ಒತ್ತಡದ ವಿರುದ್ಧ ದುಡಿದು ಸ್ನಾಯು ದಪ್ಪಗಾಗಿ ಬಿಗಿಯಾಗುತ್ತದೆ. ಶುಗರ್, ಬೊಜ್ಜು, ಕಿಡ್ನಿ ತೊಂದರೆ, ವಯಸ್ಸು ಇದಕ್ಕೆ ಸೇರಿಕೊಳ್ಳುತ್ತವೆ. ಗ್ರೇಡ್ 1 ಅನ್ನೇ ವಾಸಿ ಮಾಡುವ ಗುಳಿಗೆ ಇಲ್ಲ. ಆ ಕಾರಣಗಳನ್ನು ಹಿಡಿತದಲ್ಲಿಡುವುದೇ ಚಿಕಿತ್ಸೆ.

ಹಾಗಾಗಿ ನಾನು ರಿಪೋರ್ಟಿಗಿಂತ ಬಿಪಿ ಚೀಟಿಯನ್ನು ಮೊದಲು ಕೇಳುತ್ತೇನೆ. 130/80ಕ್ಕಿಂತ ಕೆಳಗಿರಬೇಕು. ಬಸ್ಸಿಳಿದು ಬಂದ ಕೂಡಲೇ, ಸೀರೆ ಸೆರಗಿನ ಮೇಲೇ ಪಟ್ಟಿ ಸುತ್ತಿ ನೋಡಿದ ಬಿಪಿ ಲೆಕ್ಕಕ್ಕಿಲ್ಲ. ಐದು ನಿಮಿಷ ಒರಗಿ ಕೂತು, ತೋಳನ್ನು ಎದೆಮಟ್ಟಕ್ಕೆ ಟೇಬಲ್ ಮೇಲಿಟ್ಟು, ಬರಿ ತೋಳಿಗೆ ಪಟ್ಟಿ ಕಟ್ಟಿ ನೋಡಬೇಕು. ಒಂದು ವಾರ ಬೆಳಿಗ್ಗೆ, ಸಂಜೆ ಬರೆದಿಟ್ಟು ನಿಮ್ಮ ಡಾಕ್ಟರಿಗೆ ತೋರಿಸಿ.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಎಲ್ಲಾ ಸೇರಿ ಒಂದು ಚಹಾ ಚಮಚದಷ್ಟು ಮಾತ್ರ. ನಮ್ಮ ಕಡೆ ಜೋಳದ ರೊಟ್ಟಿಯಿಂದ ತೊಂದರೆಯಿಲ್ಲ. ಅದರ ಪಕ್ಕ ಕೂರುವ ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ), ಉಪ್ಪಿನಕಾಯಿ, ಹಪ್ಪಳ, ಉಪ್ಪು ಹಾಕಿ ಒಣಗಿಸಿದ ಮೆಣಸಿನಕಾಯಿ, ಇವುಗಳದ್ದೇ ತೊಂದರೆ. ಹಪ್ಪಳಕ್ಕೆ ಹಾಕುವ ಖಾರದಲ್ಲೂ (ಮೆಣಸಿನ ಖಾರವಲ್ಲ, ಸೋಡಾದಂಥ ಕ್ಷಾರ) ಉಪ್ಪಿನಲ್ಲಿರುವ ಸೋಡಿಯಂ ಇರುತ್ತದೆ.

ಇನ್ನು ಮೊಣಕಾಲಿನ ಗುಳಿಗೆ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆಯಾಗಿದ್ದು ಇದೇ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ಮೈಯಲ್ಲಿ ಉಪ್ಪು, ನೀರು ನಿಲ್ಲಿಸುತ್ತವೆ. ಬಿಪಿ ಏರಿಸುತ್ತವೆ, ಕಿಡ್ನಿಗೂ ಪೆಟ್ಟು. ಅವ್ವ ನುಂಗುವ ಗುಳಿಗೆಯ ಹಾಳೆಯನ್ನೇ ಡಾಕ್ಟರಿಗೆ ತೋರಿಸಿ. ಪ್ಯಾರಾಸಿಟಮಾಲ್, ಮುಲಾಮು, ತೊಡೆಯ ವ್ಯಾಯಾಮದಿಂದ ಬಹಳ ಮಂದಿಗೆ ನೋವು ಹಿಡಿತಕ್ಕೆ ಬರುತ್ತದೆ.

ಪಾದದ ಬಾವು ಹೃದಯದ್ದೇ ಅಂತ ಹೇಳಲಾಗದು. ಅಮ್ಲೋಡಿಪಿನ್ ತಾನೇ ಪಾದ ಬಾಯಿಸಬಹುದು. ನೀವಾಗಿ ನಿಲ್ಲಿಸಬೇಡಿ, ಡಾಕ್ಟರು ಡೋಸ್ ಇಳಿಸಬಹುದು, ಇಲ್ಲವೇ ಬೇರೆ ಗುಳಿಗೆ ಕೊಡಬಹುದು.

ದಮ್ಮಿಗೂ ಹಾಗೆಯೇ, ಕಾರಣ ಹುಡುಕಬೇಕು. ಹಿಮೊಗ್ಲೋಬಿನ್, ಥೈರಾಯ್ಡ್, ಕ್ರಿಯೇಟಿನಿನ್ (ಕಿಡ್ನಿ ಪರೀಕ್ಷೆ), ಇಸಿಜಿ ಮಾಡಿಸಿ. ಎನ್‌ಟಿ-ಪ್ರೊಬಿಎನ್‌ಪಿ ಎಂಬ ರಕ್ತಪರೀಕ್ಷೆಯಿಂದ ಹೃದಯದ ಮೇಲೆ ಭಾರ ಬಿದ್ದಿದೆಯೇ ಎಂಬ ಸುಳಿವು ಸಿಗುತ್ತದೆ. ಬಿದ್ದಿದೆ ಅಂತಾದರೆ ಚಿಕಿತ್ಸೆ ಬೇರೆ. ನೀರು ಇಳಿಸುವ ಗುಳಿಗೆ ಜೊತೆಗೆ ಎಂಪಾಗ್ಲಿಫ್ಲೋಜಿನ್ ಅಥವಾ ಡಾಪಾಗ್ಲಿಫ್ಲೋಜಿನ್ ಕೊಡುತ್ತಾರೆ. ಇವು ಮೂಲತಃ ಶುಗರ್ ಔಷಧ. ಇಎಫ್ ಚೆನ್ನಾಗಿದ್ದೂ ಹೃದಯ ವೈಫಲ್ಯ ಇರುವವರು ಆಸ್ಪತ್ರೆ ಸೇರುವುದನ್ನು ಇವು ತಗ್ಗಿಸುತ್ತವೆ ಎಂದು 2021 ಮತ್ತು 2022ರ ದೊಡ್ಡ ಅಧ್ಯಯನಗಳು ತೋರಿಸಿದವು. ಅವ್ವನಿಗೆ ಶುಗರ್ ಇರುವುದರಿಂದ ಈ ಬಗ್ಗೆ ಕೇಳಿ ನೋಡಿ. ಶ್ರಾವಣದ ಉಪವಾಸ ಹಿಡಿಯುವವರಾದರೆ ಅದನ್ನೂ ಹೇಳಿ. ಊಟ ಬಿಟ್ಟಾಗ, ವಾಂತಿ ಭೇದಿ ಆದಾಗ ಈ ಗುಳಿಗೆ ನಿಲ್ಲಿಸಬೇಕಾಗುತ್ತದೆ.

ಬೆಳಿಗ್ಗೆ ಅರ್ಧ ತಾಸು ನಡೆಯಲಿ, ದಮ್ಮು ಬಂದರೆ ನಿಂತು ಮತ್ತೆ ನಡೆಯಲಿ. ರಾತ್ರಿ ಮಲಗಿದಾಗ ಉಸಿರು ಕಟ್ಟಿ ಎದ್ದು ಕೂತರೆ, ಎರಡು ಮೂರು ದಿನದಲ್ಲಿ ಎರಡು ಕೆಜಿ ತೂಕ ಏರಿದರೆ, ಎದೆ ಎಡೆಬಿಡದೆ ಏರುಪೇರಾಗಿ ಬಡಿದುಕೊಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಇಲ್ಲದಿದ್ದರೆ ಆರು ತಿಂಗಳಿಗೊಮ್ಮೆ ಎಕೋ ಮಾಡಿಸಿ ದುಡ್ಡು ಕಳೆಯಬೇಡಿ, ಆ ದುಡ್ಡಿನಲ್ಲಿ ಮನೆಗೊಂದು ಒಳ್ಳೆಯ ಬಿಪಿ ಮಷಿನ್ ತನ್ನಿ.