ಮಲ ಪರೀಕ್ಷೆಯಲ್ಲಿ ‘ಎಂಟಮೀಬಾ ಕೋಲೈ ಸಿಸ್ಟ್’ ಬಂದಿದೆ, ಯಾವ ಮಾತ್ರೆ ತಗೊಳ್ಳಲಿ?

ಅದಕ್ಕೆ ಯಾವ ಮಾತ್ರೆಯೂ ಬೇಡ. (ಸಿಸ್ಟ್ ಅಂದರೆ ಗಟ್ಟಿ ಕವಚದೊಳಗೆ ಸೇರಿಕೊಂಡ ಅಮೀಬಾ.) ಕಲಬುರಗಿಯಲ್ಲಿ ನನ್ನ ಕೈಗೂ ಇದೇ ರಿಪೋರ್ಟ್ ಬಂದಿತ್ತು. ಹೊಟ್ಟೆ ಉಬ್ಬರ, ಗುಡುಗುಡು ಸದ್ದು, ಎದ್ದ ಕೂಡಲೇ ಸಂಡಾಸಿಗೆ ಓಟ. ಓಣಿಯ ಮೆಡಿಕಲ್‌ನಲ್ಲಿ ಕಾಗದ ತೋರಿಸಿದೆ. “ಅಮೀಬಾ ಆಗ್ಯದ ಅಣ್ಣಾ, ಕೋರ್ಸ್ ಮಾಡ್ರಿ” ಅಂತ ಮೆಟ್ರೋನಿಡಜೋಲ್ ಕೊಟ್ಟರು. ಬಾಯೆಲ್ಲ ಲೋಹದ ರುಚಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಕೂಡ ಸೇರಲಿಲ್ಲ. ಮತ್ತೆ ಪರೀಕ್ಷೆ ಮಾಡಿಸಿದರೆ ಮತ್ತೆ ಸಿಸ್ಟ್. ಮತ್ತೆ ಕೋರ್ಸ್!

ನಾನು ಕೆಟ್ಟಿದ್ದು ಇಲ್ಲಿ: ‘ಎಂಟಮೀಬಾ’ ಅಂತ ಓದಿ ಅಲ್ಲೇ ನಿಂತೆ, ಪಕ್ಕದ ‘ಕೋಲೈ’ ಕಡೆ ನೋಡಲೇ ಇಲ್ಲ. ಆಮಶಂಕೆ ತರುವುದು ಎಂಟಮೀಬಾ ಹಿಸ್ಟೋಲಿಟಿಕಾ. ಅದು ಕರುಳಿನ ಗೋಡೆ ಕೊರೆದು, ಕೆಲವರಿಗೆ ಲಿವರ್‌ವರೆಗೂ ಹೋಗಿ ಕೀವು ಕಟ್ಟಿಸುತ್ತದೆ. ಕೋಲೈ ಕೂಡ ಏಕಕೋಶ ಜೀವಿಯೇ, ದೊಡ್ಡ ಕರುಳಲ್ಲೇ ಇರುತ್ತದೆ. ಆದರೆ ಅಲ್ಲಿನ ಬ್ಯಾಕ್ಟೀರಿಯಾ ತಿಂದುಕೊಂಡು ಸುಮ್ನೆ ಇರುತ್ತದೆ, ಗೋಡೆಗೆ ಕೈ ಹಾಕುವುದಿಲ್ಲ. ಲ್ಯಾಬಿನವರು ಸಿಸ್ಟ್ ಒಳಗಿನ ನ್ಯೂಕ್ಲಿಯಸ್ (ಕೋಶದ ಕೇಂದ್ರ) ಎಷ್ಟಿವೆ ಅಂತ ಎಣಿಸುತ್ತಾರೆ. ಬಲಿತ ಕೋಲೈ ಸಿಸ್ಟಿನಲ್ಲಿ ಸಾಮಾನ್ಯವಾಗಿ 8, ಹಿಸ್ಟೋಲಿಟಿಕಾದಲ್ಲಿ 4. ಪಾಪ, ನನ್ನ ಲ್ಯಾಬಿನವರು ಸರಿಯಾಗಿಯೇ ಬರೆದಿದ್ದರು. (ನಾಲ್ಕು ಕಂಡರೂ ಗಾಬರಿ ಬೇಡ. ಡಿಸ್ಪಾರ್ ಅಂತ ತೊಂದರೆ ಕೊಡದ ಇನ್ನೊಂದಿದೆ, ನೋಡಲು ಥೇಟ್ ಹಿಸ್ಟೋಲಿಟಿಕಾ. ಬೇರೆ ಮಾಡಿ ಹೇಳಲು ಆಂಟಿಜೆನ್ ಅಥವಾ ಪಿಸಿಆರ್ ಪರೀಕ್ಷೆ ಬೇಕು.)

ಕೊನೆಗೆ ಹೊಟ್ಟೆ ಡಾಕ್ಟರ್ ಕಾಗದ ಪಕ್ಕಕ್ಕಿಟ್ಟು “ರಾತ್ರಿ ಹಾಲು ಕುಡಿತೀರೇನ್ರಿ?” ಅಂದರು. ದೊಡ್ಡ ಲೋಟ ತುಂಬ ಕುಡಿಯುತ್ತಿದ್ದೆ! ಬಿಟ್ಟ ಮೇಲೆ ಉಬ್ಬರ ಇಳಿಯಿತು. ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನೋ ಸಕ್ಕರೆ ನನಗೆ ಅರಗುತ್ತಿರಲಿಲ್ಲ. ಮಜ್ಜಿಗೆ ಈಗಲೂ ನಡೆಯುತ್ತದೆ.

ನಿಮಗೂ ಹಾಲೇ ಕಾರಣ ಅನ್ನುತ್ತಿಲ್ಲ. ಮಾತ್ರೆ ಕೇಳುವ ಮೊದಲು ಹೊಟ್ಟೆ ಯಾಕೆ ಕೆಟ್ಟಿದೆ ಅಂತ ಕೇಳಿ. ಇನ್ನೊಂದು, ಕೋಲೈ ಸಿಕ್ಕಿದೆ ಅಂದರೆ ಯಾರದೋ ಮಲ ಸೋಕಿದ ನೀರೋ ತಿಂಡಿಯೋ ನಿಮ್ಮ ಹೊಟ್ಟೆಗೆ ಹೋಗಿದೆ. ಕೇಳಲು ಅಸಹ್ಯ, ಆದರೆ ಹಿಸ್ಟೋಲಿಟಿಕಾ, ಭೇದಿ ತರುವ ಜಿಯಾರ್ಡಿಯಾ ಬರುವುದೂ ಅದೇ ದಾರಿಯಲ್ಲಿ. ನಲ್ಲಿ ನೀರಿಗೆ ಕ್ಲೋರಿನ್ ಹಾಕ್ತಾರಲ್ವಾ ಅನ್ನಬೇಡಿ. ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್ ಅಮೀಬಾ ಸಿಸ್ಟಿಗೆ ಸಾಲದು. ಕುದಿಸಿದರೆ ಸಾಯುತ್ತದೆ.

ಮಲದಲ್ಲಿ ರಕ್ತ, ಲೋಳೆ ಕಂಡರೆ, ಜ್ವರದ ಜೊತೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವಿದ್ದರೆ ಆಗ ತಡ ಮಾಡಬೇಡಿ, ಡಾಕ್ಟರ್ ಹತ್ತಿರ ಹೋಗಿ. ಹಿಸ್ಟೋಲಿಟಿಕಾ ಅಂತ ಖಚಿತವಾದರೂ ಬರೀ ಮೆಟ್ರೋನಿಡಜೋಲ್ ಸಾಕಾಗುವುದಿಲ್ಲ. ಕರುಳಲ್ಲಿ ಉಳಿದ ಸಿಸ್ಟಿಗೆ ಡಿಲೋಕ್ಸನೈಡ್‌ನಂಥ ಇನ್ನೊಂದು ಔಷಧಿಯನ್ನೂ ಬರೆಯುತ್ತಾರೆ, ಅದನ್ನು ಅರ್ಧಕ್ಕೆ ಬಿಡಬೇಡಿ.